ಪುನೀತ್ ರಾಜ್‌ಕುಮಾರ್ ಸಾವಿನ ಕಾರಣ: ಒಂದು ಸಾರ್ವಜನಿಕ ಚರ್ಚೆಯ ಇತಿಹಾಸ (2021–2025)

ನಟ, ಗಾಯಕ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರ ಶುಕ್ರವಾರ ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 46 ವರ್ಷ. ಬಾಲ್ಯದಲ್ಲೇ ತಂದೆಯ ಚಿತ್ರಗಳಲ್ಲಿ ಹಾಡಿ, 'ಬೆಟ್ಟದ ಹೂವು' ಚಿತ್ರಕ್ಕೆ ಬಾಲನಟನ ರಾಷ್ಟ್ರಪ್ರಶಸ್ತಿ ಪಡೆದಿದ್ದ ಅವರು, ಮುಂದೆ ತಮ್ಮ ಚಿತ್ರಗಳಿಗಷ್ಟೇ ಅಲ್ಲದೆ ಬೇರೆ ನಾಯಕರ ಚಿತ್ರಗಳಿಗೂ ಹಿನ್ನೆಲೆ ಗಾಯಕರಾಗಿದ್ದರು. ಸಾವಿನ ವೈದ್ಯಕೀಯ ಕಾರಣವನ್ನು ಆಸ್ಪತ್ರೆ ಅಂದೇ ಪ್ರಕಟಿಸಿತು. ಆದರೂ ಚರ್ಚೆ ನಾಲ್ಕು ವರ್ಷ ನಡೆಯಿತು. ಆರೋಪದ ಬೆರಳು ಮೊದಲು ವೈದ್ಯರತ್ತ ಹೋಯಿತು, ಆಮೇಲೆ ಜಿಮ್‌ನತ್ತ, ಕೊನೆಗೆ ಕೋವಿಡ್ ಲಸಿಕೆಯತ್ತ ತಿರುಗಿತು. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಯಂಥ ಊರುಗಳಿಗೆ ನಿಜವಾಗಿ ತಟ್ಟುವ ಪ್ರಶ್ನೆ ಮಾತ್ರ ಎಲ್ಲಕ್ಕಿಂತ ತಡವಾಗಿ ಮುನ್ನೆಲೆಗೆ ಬಂತು. ಎದೆನೋವು ಬಂದವನು ಎಷ್ಟು ಹೊತ್ತಿನಲ್ಲಿ ಚಿಕಿತ್ಸೆ ಮುಟ್ಟುತ್ತಾನೆ ಎಂಬುದೇ ಆ ಪ್ರಶ್ನೆ.

ಅಂದಿನ ಘಟನಾಕ್ರಮದ ಬಗ್ಗೆ ದೊಡ್ಡ ವಿವಾದವಿಲ್ಲ. ಬೆಳಗಿನ ವ್ಯಾಯಾಮದ ನಂತರ ಪುನೀತ್‌ಗೆ ಸುಸ್ತೆನಿಸಿತು. ಪತ್ನಿಯೊಂದಿಗೆ ಸದಾಶಿವನಗರದಲ್ಲಿದ್ದ ಕುಟುಂಬ ವೈದ್ಯ ಡಾ. ಬಿ. ರಮಣರಾವ್ ಅವರ ಕ್ಲಿನಿಕ್ಕಿಗೆ ಹೋದರು. ರಕ್ತದೊತ್ತಡ 150/92 ಇತ್ತು, ನಾಡಿ ಸಹಜವಾಗಿತ್ತು, ಆದರೆ ಮೈ ಬೆವರುತ್ತಿತ್ತು, ಇಸಿಜಿಯಲ್ಲಿ ಹೃದಯದ ಮೇಲೆ ಒತ್ತಡ ಬಿದ್ದಿರುವುದು ಕಂಡಿತು ಎಂದು ವೈದ್ಯರು ನಂತರ ಸುದ್ದಿಗಾರರಿಗೆ ತಿಳಿಸಿದರು. ಅಲ್ಲಿಂದ ಕಾರಿನಲ್ಲೇ ವಿಕ್ರಂ ಆಸ್ಪತ್ರೆಗೆ ಕರೆದೊಯ್ದರು. 11.40ರ ಹೊತ್ತಿಗೆ ತಲುಪಿದಾಗ ಅವರು ಸ್ಪಂದಿಸುವ ಸ್ಥಿತಿಯಲ್ಲಿರಲಿಲ್ಲ, ಹೃದಯದ ಬಡಿತ ನಿಂತಿತ್ತು. ಪುನಶ್ಚೇತನದ ಯತ್ನ ಫಲ ಕೊಡದೆ ಮಧ್ಯಾಹ್ನ 2.30ಕ್ಕೆ ಸಾವನ್ನು ಘೋಷಿಸಲಾಯಿತು.

ಜನರ ಮಾತಿನಲ್ಲಿ ಇದೆಲ್ಲ ಒಂದೇ 'ಹಾರ್ಟ್ ಅಟ್ಯಾಕ್'. ವೈದ್ಯಶಾಸ್ತ್ರದಲ್ಲಿ ಹೃದಯಾಘಾತ ಬೇರೆ, ಹೃದಯಸ್ತಂಭನ ಬೇರೆ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು ಹೃದಯಾಘಾತ. ರೋಗಿ ಎಚ್ಚರವಾಗಿರಬಹುದು, ನಡೆದುಕೊಂಡೇ ವೈದ್ಯರ ಬಳಿ ಬರಬಹುದು. ಬಡಿತವೇ ನಿಲ್ಲುವುದು ಹೃದಯಸ್ತಂಭನ. ಎದೆ ಒತ್ತುವ ಸಿಪಿಆರ್ ಕೂಡಲೇ ಶುರುವಾಗದಿದ್ದರೆ ಉಳಿಯುವ ಸಾಧ್ಯತೆ ನಿಮಿಷ ನಿಮಿಷಕ್ಕೂ ಕುಗ್ಗುತ್ತದೆ. ಮೊದಲನೆಯದು ಎರಡನೆಯದಕ್ಕೆ ತಿರುಗಲು ಕೆಲವೇ ಕ್ಷಣ ಸಾಕು. 'ಚೆನ್ನಾಗಿ ನಡೆದುಕೊಂಡು ಹೋದವರು ಹೇಗೆ ಸತ್ತರು?' ಎಂಬ ಅಭಿಮಾನಿಗಳ ಪ್ರಶ್ನೆಗೆ ಉತ್ತರ ಇಲ್ಲೇ ಇತ್ತು. ಅಂದಿನ ಗದ್ದಲದಲ್ಲಿ ಅದನ್ನು ಬಿಡಿಸಿ ಹೇಳುವ ವ್ಯವಧಾನ ವಾಹಿನಿಗಳಿಗೆ ಇರಲಿಲ್ಲ.

ಆಂಬುಲೆನ್ಸ್ ಏಕೆ ಕರೆಸಲಿಲ್ಲ, ಕ್ಲಿನಿಕ್ಕಿನಲ್ಲೇ ಚಿಕಿತ್ಸೆ ಏಕೆ ಆರಂಭಿಸಲಿಲ್ಲ ಎಂಬ ಪ್ರಶ್ನೆಗಳು ದಿನದೊಳಗೆ ಆರೋಪಗಳಾದವು. ತನಿಖೆ ಕೋರಿ ಪೊಲೀಸರಿಗೆ ದೂರು ಹೋಯಿತು. ರಮಣರಾವ್ ಅವರ ಮನೆ ಮತ್ತು ಕ್ಲಿನಿಕ್ಕಿಗೆ ಕಾವಲು ಹಾಕಬೇಕಾಯಿತು. ಖಾಸಗಿ ಆಸ್ಪತ್ರೆಗಳ ಸಂಘ ವೈದ್ಯರಿಗೆ ರಕ್ಷಣೆ ಕೊಡಬೇಕೆಂದು ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರಿಗೆ ಪತ್ರ ಬರೆಯಿತು. ಪ್ರಸಿದ್ಧ ಗಾಯಕರು ಸತ್ತಾಗ ಇಂಥ ಗುಮಾನಿ ಏಳುವುದು ಹೊಸದೇನಲ್ಲ. ಅಮೆರಿಕದ ರಾಕ್ ಗಾಯಕ ಜಿಮ್ ಮಾರಿಸನ್ 1971ರ ಜುಲೈ 3ರಂದು ಪ್ಯಾರಿಸ್‌ನಲ್ಲಿ ಸತ್ತಾಗ ಮರಣೋತ್ತರ ಪರೀಕ್ಷೆ ನಡೆಯಲಿಲ್ಲ. ವದಂತಿಗಳು ಅರ್ಧ ಶತಮಾನ ಕಳೆದರೂ ನಿಂತಿಲ್ಲ. 2022ರ ಮೇ 31ರಂದು ಕೋಲ್ಕತ್ತಾದ ಕಾರ್ಯಕ್ರಮ ಮುಗಿಸಿ ಸತ್ತ ಗಾಯಕ ಕೆ.ಕೆ. ಅವರ ವಿಷಯದಲ್ಲೂ ಸಭಾಂಗಣದ ಜನಸಂದಣಿ, ಸೆಕೆಯ ಬಗ್ಗೆ ದೂರುಗಳೆದ್ದವು. ಅಲ್ಲಿ ಮರಣೋತ್ತರ ಪರೀಕ್ಷೆ ಹೃದಯದ ತೊಂದರೆಯನ್ನು ತೋರಿಸಿದ್ದರಿಂದ ಊಹಾಪೋಹ ಬೇಗ ತಣ್ಣಗಾಯಿತು.

ಎರಡನೇ ಹಂತದಲ್ಲಿ ಜಿಮ್ ಆರೋಪಿಯಾಯಿತು. ಪುನೀತ್ ವ್ಯಾಯಾಮದ ವಿಡಿಯೊಗಳಿಗೆ ಹೆಸರಾದವರು. ಅಂಥ ದೇಹಕ್ಕೇ ಹೀಗಾದರೆ ಉಳಿದವರ ಗತಿಯೇನು ಎಂಬ ದಿಗಿಲು ಸಹಜವೇ. ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಬರುವವರ ಸಂಖ್ಯೆ ಏರಿತು. ಜಿಮ್‌ಗಳಿಗೆ ಮಾರ್ಗಸೂಚಿ ತರುವುದಾಗಿ ಅಂದಿನ ಆರೋಗ್ಯ ಸಚಿವ ಡಾ. ಕೆ. ಸುಧಾಕರ್ ಹೇಳಿದರು. ಈ ಹಂತದಲ್ಲಿ ಮರೆತುಹೋದ ಸಂಗತಿಯೊಂದಿದೆ. ತಂದೆ ಡಾ. ರಾಜ್‌ಕುಮಾರ್ 2006ರ ಏಪ್ರಿಲ್ 12ರಂದು ತೀರಿಕೊಂಡದ್ದು ಹೃದಯಸ್ತಂಭನದಿಂದ. ಅಣ್ಣಂದಿರಲ್ಲಿ ಶಿವರಾಜ್‌ಕುಮಾರ್‌ಗೆ ಲಘು ಹೃದಯಾಘಾತ, ರಾಘವೇಂದ್ರ ರಾಜ್‌ಕುಮಾರ್‌ಗೆ ಪಾರ್ಶ್ವವಾಯು ಆಗಿತ್ತು. ವಂಶದಲ್ಲಿ ಬಂದ ಅಪಾಯ ಮೈಕಟ್ಟಿನಲ್ಲಿ ಕಾಣುವುದಿಲ್ಲ.

ಲಸಿಕೆಯ ಮೇಲಿನ ಗುಮಾನಿ 2021ರಿಂದಲೇ ಗುಸುಗುಸುವಾಗಿ ಇತ್ತು. 2025ರಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾಲು ಸಾವುಗಳ ಸುದ್ದಿ ಬಂದಾಗ ಅದು ರಾಜಕೀಯದ ಅಂಗಳಕ್ಕೆ ಬಂತು. ಲಸಿಕೆಗೆ ಅವಸರದ ಅನುಮೋದನೆ ಕೊಟ್ಟದ್ದೂ ಕಾರಣವಿರಬಹುದು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಜುಲೈ ಮೊದಲ ದಿನ ಹೇಳಿದರು; ಉದ್ಯಮಿ ಕಿರಣ್ ಮಜುಂದಾರ್ ಷಾ ಬಹಿರಂಗವಾಗಿ ಅಲ್ಲಗಳೆದರು. ಅಷ್ಟರೊಳಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 19 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 47 ಆಸ್ಪತ್ರೆಗಳಲ್ಲಿ 18ರಿಂದ 45 ವರ್ಷದವರ ಹಠಾತ್ ಸಾವುಗಳನ್ನು ಪರಿಶೀಲಿಸಿತ್ತು. ಲಸಿಕೆ ಅಪಾಯ ಹೆಚ್ಚಿಸಲಿಲ್ಲ. ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವಿನ ಹಿನ್ನೆಲೆ, ಸಾವಿಗೆ ಮುಂಚಿನ 48 ಗಂಟೆಗಳಲ್ಲಿ ಮಿತಿಮೀರಿ ಕುಡಿದದ್ದು ಅಥವಾ ತೀವ್ರ ಶ್ರಮದ ವ್ಯಾಯಾಮ ಮಾಡಿದ್ದು ಹೆಚ್ಚಿಸಿದ್ದವು ಎಂಬುದು ಅದರ ತೀರ್ಮಾನ. ಜಯದೇವದ ಅಂದಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ರಾಜ್ಯ ಸಮಿತಿಯೂ 251 ರೋಗಿಗಳನ್ನು ಪರಿಶೀಲಿಸಿ ಲಸಿಕೆಗೂ ಎಳೆ ವಯಸ್ಸಿನ ಹೃದ್ರೋಗಕ್ಕೂ ನಂಟು ಕಾಣಲಿಲ್ಲ ಎಂದಿತು. ಕುಟುಂಬದ ಹಿನ್ನೆಲೆ, ವ್ಯಾಯಾಮದ ಶ್ರಮ ಎರಡನ್ನೂ ಎಣಿಸುವ ಮಂಡಳಿಯ ಪಟ್ಟಿ ಪುನೀತ್ ಪ್ರಕರಣಕ್ಕೆ ಬೆಳಕು ಚೆಲ್ಲುತ್ತದೆ. ಗುಂಪುಗಳ ಮೇಲಿನ ಅಧ್ಯಯನದಿಂದ ಒಬ್ಬ ವ್ಯಕ್ತಿಯ ಸಾವಿನ ತೀರ್ಪು ಕೊಡಲಾಗದು ಎಂಬುದೂ ಅಷ್ಟೇ ನಿಜ.

ಚರ್ಚೆಯಿಂದ ಹುಟ್ಟಿದ ಗಟ್ಟಿ ಕೆಲಸವೆಂದರೆ ನಟನ ಹೆಸರಿನದೇ ಆದ 'ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ' ಯೋಜನೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನಿಮಿಷಗಳಲ್ಲಿ ಓದುತ್ತಾರೆ. ನಾಳ ಕಟ್ಟಿರುವುದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಹೊರಗೆ ಕೊಂಡರೆ ಈ ಮದ್ದಿಗೆ ಸಾವಿರಾರು ರೂಪಾಯಿ ತೆರಬೇಕು. ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ಇದನ್ನು ವಿಸ್ತರಿಸುವುದಾಗಿ ಸರ್ಕಾರ 2025ರಲ್ಲಿ ಪ್ರಕಟಿಸಿತು.

ಸಿಂಧನೂರು, ಲಿಂಗಸುಗೂರಿನಂಥ ಕಡೆ ಇದರ ತೂಕ ಬೆಂಗಳೂರಿಗಿಂತ ಹೆಚ್ಚು. ಎರಡೂ ಊರುಗಳಿಂದ ಜಿಲ್ಲಾ ಕೇಂದ್ರ ರಾಯಚೂರಿಗೆ 80 ಕಿ.ಮೀ.ಗೂ ಮಿಕ್ಕಿದ ರಸ್ತೆ. ಜಯದೇವದ ಶಾಖೆಯಿರುವ ಕಲಬುರಗಿ ಇನ್ನೂ ದೂರ. ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳ ಹಳ್ಳಿಗಳನ್ನು ಸೇರಿಸಿ ರಚಿಸಿದ ಮಸ್ಕಿ ತಾಲ್ಲೂಕಿನ ಜನ ಈ ಎರಡು ಪಟ್ಟಣಗಳ ನಡುವೆ ಇದ್ದಾರೆ. ಸದಾಶಿವನಗರದಿಂದ ಆಸ್ಪತ್ರೆಗೆ ಹೋಗುವ ಹಾದಿಯೇ ಮಾರಕವಾದದ್ದಾದರೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದ ಗದ್ದೆಯಲ್ಲೋ ಹಟ್ಟಿ ಚಿನ್ನದ ಗಣಿಯ ಸುತ್ತಲಿನ ಹಳ್ಳಿಯಲ್ಲೋ ಎದೆ ಹಿಡಿದುಕೊಂಡವನ ಲೆಕ್ಕ ಬೇರೆಯೇ. ದೂರದ ಜೊತೆಗೆ ಇನ್ನೊಂದು ವಿಳಂಬವೂ ಇದೆ. 'ಗ್ಯಾಸ್ ಆಗ್ಯಾದ' ಎಂದು ಸೋಡಾ ಕುಡಿಸಿ, ಮಾತ್ರೆ ನುಂಗಿಸಿ ಕೂರಿಸುವುದರಲ್ಲೇ ಮೊದಲ ತಾಸು ಕಳೆಯುತ್ತದೆ. ಹೆಪ್ಪು ಕರಗಿಸುವ ಮದ್ದು ಅತಿ ಹೆಚ್ಚು ಕೆಲಸ ಮಾಡುವುದು ಆರಂಭದ ಆ ಅವಧಿಯಲ್ಲೇ.

2025ರ ಜುಲೈನಲ್ಲಿ ಸರ್ಕಾರ ಇನ್ನೊಂದು ನಿರ್ಧಾರ ಪ್ರಕಟಿಸಿತು. ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆಯೂ ನಡೆಯಬೇಕು ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ತಿಳಿಸಿದರು. ಹಳ್ಳಿಯ ಸಾವುಗಳಿಗೂ ದಾಖಲಾದ ಕಾರಣವೊಂದು ಸಿಗಬೇಕಾದರೆ ಈ ನಿಯಮ ತಾಲ್ಲೂಕು ಮಟ್ಟದಲ್ಲಿ ಜಾರಿಯಾಗಬೇಕು. ಅದಕ್ಕೆ ಶವಾಗಾರ, ತಜ್ಞ ವೈದ್ಯರು, ಜೊತೆಗೆ ದೇಹ ಕೊಯ್ಯಲು ಒಲ್ಲದ ಮನೆಮಂದಿಯ ಒಪ್ಪಿಗೆ, ಮೂರೂ ಬೇಕು.