ಗೊಂಬೆ ಎನ್ನಲಾಗದ ಗೊಂಬೆಗಳು

ಸೋಮನಾಥಪುರದ ಕೇಶವ ದೇವಾಲಯದಲ್ಲಿ ವಿಷ್ಣುವಿನ ಮೂರ್ತಿಗಳನ್ನು ಗುರುತಿಸಲು ಮುಖ ನೋಡಿ ಪ್ರಯೋಜನವಿಲ್ಲ, ಕೈ ನೋಡಬೇಕು. ಕಿರೀಟ ಹೆಚ್ಚುಕಮ್ಮಿ ಒಂದೇ, ನಿಲುವು ಒಂದೇ, ಒಡವೆಗಳೂ ಅವೇ. ನಾಲ್ಕು ಕೈಗಳಲ್ಲಿ ಶಂಖ, ಚಕ್ರ, ಗದೆ, ಪದ್ಮ ಯಾವ ಕ್ರಮದಲ್ಲಿವೆ ಎಂಬುದರ ಮೇಲೆ ಇವನು ಕೇಶವನೋ, ಮಾಧವನೋ, ಗೋವಿಂದನೋ ಎಂಬುದು ತೀರ್ಮಾನವಾಗುತ್ತದೆ. ನಾಲ್ಕು ವಸ್ತುಗಳನ್ನು ನಾಲ್ಕು ಕೈಗಳಿಗೆ ಹಂಚುವ ಬಗೆಗಳು ಲೆಕ್ಕ ಹಾಕಿದರೆ 24. ಮೂರ್ತಿಗಳೂ 24. ಈ ಹೆಸರುಗಳನ್ನು ಸಂಧ್ಯಾವಂದನೆಯಲ್ಲಿ ದಿನವೂ ಹೇಳುವವರು ಕೂಡ ಗೋಡೆಯ ಮುಂದೆ ನಿಂತರೆ ತಡವರಿಸುತ್ತಾರೆ. ಲಕ್ಷಣಗ್ರಂಥಗಳು ಕೆಲವು ಕಡೆ ಒಂದಕ್ಕೊಂದು ಒಪ್ಪುವುದಿಲ್ಲ ಬೇರೆ. ಇನ್ನು ಎರಡು ಕೈ ಮುರಿದುಹೋಗಿದ್ದರಂತೂ ಆ ಮೂರ್ತಿಗೆ ಹೆಸರು ಹೇಳುವುದು ಬಹಳ ಕಷ್ಟ.

ನಾನು ಹೊಯ್ಸಳ ಶಿಲ್ಪಿಗಳ ರುಜುಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಹಾಸ್ಟೆಲ್ಲಿನ ನನ್ನ ಕೋಣೆಯ ಕಿಟಕಿ ಕಟ್ಟೆಯ ಮೇಲೆ ವೈಜ್ಞಾನಿಕ ಸಿನಿಮಾಗಳ ಆಕ್ಷನ್ ಫಿಗರ್‌ಗಳ ಒಂದು ಸಾಲೂ ಇದೆ: ಡಾರ್ತ್ ವೇಡರ್, ಟರ್ಮಿನೇಟರ್, ರೋಬೊಕಾಪ್, ಎರಡು ಐರನ್ ಮ್ಯಾನ್. ನಮ್ಮ ಕಾಲೇಜು ಕನ್ನಡದಲ್ಲಿ ‘ಫಿಗರ್’ ಎಂಬ ಪದಕ್ಕೆ ಏನರ್ಥವೆಂದು ಹೇಳಬೇಕಿಲ್ಲ. ‘ಫಿಗರ್ ಕಲೆಕ್ಟ್ ಮಾಡ್ತೀನಿ’ ಎಂದರೆ ನಗು ಗ್ಯಾರಂಟಿ. ಹಾಗಾದರೆ ಗೊಂಬೆ ಎನ್ನಿ ಎಂದರೆ ಈ ಹವ್ಯಾಸದ ಗೆಳೆಯರು ಒಪ್ಪುವುದಿಲ್ಲ. ಗೊಂಬೆ ಹೆಣ್ಣುಮಕ್ಕಳದ್ದು, ಇದು ಬೇರೆ ಎನ್ನುತ್ತಾರೆ. ಈ ಹಟ ನಮ್ಮವರದ್ದಲ್ಲ, ಅದು ಆಟಿಕೆಯ ಜೊತೆಗೇ ಬಂದದ್ದು.

1959ರಲ್ಲಿ ಮ್ಯಾಟೆಲ್ ಕಂಪನಿ ಬಾರ್ಬಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಬಟ್ಟೆ ಬದಲಿಸುವ, ಸಾಮಾನು ಸೇರಿಸುವ ಗೊಂಬೆ ಎಷ್ಟು ಲಾಭದ್ದೆಂದು ಎಲ್ಲರಿಗೂ ಗೊತ್ತಾಯಿತು. 1964ರಲ್ಲಿ ಹ್ಯಾಸ್‌ಬ್ರೊ ಅದೇ ಉಪಾಯವನ್ನು ಗಂಡುಮಕ್ಕಳಿಗೆ ತಿರುಗಿಸಿ ಜಿ.ಐ. ಜೋ ಎಂಬ 12 ಅಂಗುಲದ ಸೈನಿಕನನ್ನು ಮಾಡಿತು. ಅವನಿಗೂ ಬಟ್ಟೆ ಬದಲಿಸಬಹುದು, ಸಾಮಾನು ಸೇರಿಸಬಹುದು. ಆದರೆ ಅಮೆರಿಕದ ಅಪ್ಪಂದಿರು ಮಗನಿಗೆ ಗೊಂಬೆ ಕೊಡಿಸುವುದುಂಟೇ? ಅದಕ್ಕಾಗಿ ‘ಆಕ್ಷನ್ ಫಿಗರ್’ ಎಂಬ ಹೊಸ ಹೆಸರು ಹುಟ್ಟಿತು. ಅಂದರೆ ಈ ಪದ ಹುಟ್ಟಿದ್ದೇ ನಾಚಿಕೆಯಿಂದ.

ಸಿನಿಮಾ ಇದರೊಳಗೆ ದೊಡ್ಡದಾಗಿ ಬಂದದ್ದು 1977ರ ಮೇ ತಿಂಗಳಲ್ಲಿ, ‘ಸ್ಟಾರ್ ವಾರ್ಸ್’ ಬಿಡುಗಡೆಯಾದಾಗ. ಮೆಗೊ ಎಂಬ ದೊಡ್ಡ ಕಂಪನಿ ಅದರ ಆಟಿಕೆಗಳ ಹಕ್ಕು ಬೇಡವೆಂದಿತ್ತು. ಸಿನ್ಸಿನಾಟಿಯ ಕೆನ್ನರ್ ಕಂಪನಿ ತೆಗೆದುಕೊಂಡಿತು. ಚಿತ್ರ ಇಷ್ಟು ಓಡುತ್ತದೆಂದು ಕೆನ್ನರ್ ಕೂಡ ಎಣಿಸಿರಲಿಲ್ಲ. ಕ್ರಿಸ್‌ಮಸ್ ಹತ್ತಿರ ಬಂತು, ಫಿಗರ್‌ಗಳು ತಯಾರಾಗಿರಲಿಲ್ಲ. ಆಗ ಅವರು ಅಂಗಡಿಗಳಲ್ಲಿ ಮಾರಿದ್ದು ಒಂದು ಚಪ್ಪಟೆ ಲಕೋಟೆ. ಒಳಗೆ ರಟ್ಟಿನ ಒಂದು ಪ್ರದರ್ಶನ ಪೀಠ, ಜೊತೆಗೆ ಒಂದು ಕೂಪನ್. ಕೂಪನ್ ಕಳಿಸಿದವರಿಗೆ 1978ರಲ್ಲಿ ಲ್ಯೂಕ್, ಲಿಯಾ, ಚ್ಯೂಬಾಕ, ಆರ್2-ಡಿ2 ಎಂಬ ನಾಲ್ಕು ಫಿಗರ್‌ಗಳು ಅಂಚೆಯಲ್ಲಿ ಬಂದವು. ಮೊದಲ ಸರಣಿಯಲ್ಲಿ ಒಟ್ಟು 12. ಎತ್ತರ ಮೂರೂ ಮುಕ್ಕಾಲು ಅಂಗುಲ. ಆ ಅಳತೆ ಮುಂದೆ ಇಡೀ ಉದ್ಯಮಕ್ಕೆ ಮಾದರಿಯಾಯಿತು.

ಆ ರಟ್ಟಿನ ಪೀಠವನ್ನು ನೆನೆದಾಗಲೆಲ್ಲ ನನಗೆ ಸೋಮನಾಥಪುರದ ಕೈಸಾಲೆ ನೆನಪಾಗುತ್ತದೆ. ದೇವಾಲಯದ ಅಂಗಳದ ಸುತ್ತ 64 ಗೂಡುಗುಡಿಗಳಿವೆ, ಈಗ ಅವು ಖಾಲಿ. ಅಮೆರಿಕದ ಮಕ್ಕಳ ಮುಂದೆ ಆ ಚಳಿಗಾಲದಲ್ಲಿ ಇದ್ದದ್ದು ಗೊಂಬೆ ಇನ್ನೂ ಬಾರದ ಪೀಠ. ಇಲ್ಲಿರುವುದು ಮೂರ್ತಿ ಹೊರಟುಹೋದ ಪೀಠ. ಒಳಗಿನ ಮೂರು ಗರ್ಭಗುಡಿಗಳಲ್ಲಿ ಜನಾರ್ದನ, ವೇಣುಗೋಪಾಲ ಇದ್ದಾರೆ. ನಡುವಿನ ಕೇಶವ, ದೇವಾಲಯಕ್ಕೆ ಹೆಸರು ಕೊಟ್ಟವನು, ಮೂಲದವನಲ್ಲ, ಬದಲಿ ಮೂರ್ತಿ. ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ತನ್ನ ಹೆಸರಿನ ಅಗ್ರಹಾರ ಕಟ್ಟಿ 1268ರಲ್ಲಿ ಪ್ರತಿಷ್ಠೆ ಮಾಡಿಸಿದ ಕೇಶವ ಈಗ ಅಲ್ಲಿಲ್ಲ.

ಸಂಗ್ರಾಹಕರು ಕೈ ನೋಡುವ ರೀತಿಯೂ ಶಿಲ್ಪಶಾಸ್ತ್ರದವರ ರೀತಿಯೇ. ಕೆನ್ನರ್‌ನ ಮೊದಲ 12ರಲ್ಲಿ ಜಾವಾ ಎಂಬ ಕುಳ್ಳನೆಯ ಮರುಭೂಮಿ ವ್ಯಾಪಾರಿ ಇದ್ದಾನೆ. ಮೊದಮೊದಲು ಅವನಿಗೆ ವಿನೈಲಿನ ಮೇಲಂಗಿ ಇತ್ತು. ಅದು ಅಗ್ಗವಾಗಿ ಕಾಣುತ್ತದೆಂದು ಸ್ವಲ್ಪ ಕಾಲದಲ್ಲೇ ಬಟ್ಟೆಯ ಅಂಗಿ ಬಂತು. ಗೊಂಬೆ ಅದೇ, ಅಂಗಿ ಮಾತ್ರ ಬೇರೆ. ಅಗ್ಗವೆಂದು ಬಿಟ್ಟ ಆ ವಿನೈಲ್ ಅಂಗಿಯ ಜಾವಾನಿಗೆ ಇಂದು ಬಟ್ಟೆಯವನ ಎಷ್ಟೋ ಪಟ್ಟು ಬೆಲೆ, ನಕಲಿ ಅಂಗಿ ತೊಡಿಸಿ ಮಾರುವವರೂ ಇದ್ದಾರೆ. ಕೈಯ ಪಿಸ್ತೂಲು ಕಳೆದ ಫಿಗರನ್ನು ಸಂಗ್ರಾಹಕರು ‘ಇನ್‌ಕಂಪ್ಲೀಟ್’ ಎಂದು ಬದಿಗಿಡುತ್ತಾರೆ. ಪ್ಲಾಸ್ಟಿಕ್ ಗುಳ್ಳೆಯನ್ನು ಒಡೆಯದೆ ಕಾರ್ಡಿನ ಸಮೇತ ಇಟ್ಟದ್ದಕ್ಕೆ ಅತಿ ಹೆಚ್ಚಿನ ಮರ್ಯಾದೆ. ಆಡದೆ ಇಟ್ಟ ಆಟಿಕೆಗೆ ಈ ಬೆಲೆ ಎನ್ನುವುದು ನನಗೆ ಇನ್ನೂ ಸರಿಯಾಗಿ ಜೀರ್ಣವಾಗಿಲ್ಲ.

ಒಂದು ವಿಷಯದಲ್ಲಿ ಮಾತ್ರ ಹೊಯ್ಸಳರದ್ದು ಹೆಚ್ಚು ಗೌರವದ ವ್ಯವಹಾರ. ಯಾವುದೇ ಫಿಗರಿನ ಕಾಲಿನ ಹಿಂಭಾಗ ತಿರುಗಿಸಿ ನೋಡಿ: ಒಂದು ಇಸವಿ, ಹಕ್ಕು ಯಾವ ಕಂಪನಿಯದ್ದು, ಯಾವ ದೇಶದಲ್ಲಿ ತಯಾರು, ಇಷ್ಟು ಸಣ್ಣ ಅಕ್ಷರದಲ್ಲಿರುತ್ತದೆ. ಅಚ್ಚಿಗೆ ಮೊದಲು ಮೇಣದಲ್ಲೋ ಮಣ್ಣಿನಲ್ಲೋ ಆ ಮುಖ ತಿದ್ದಿದವರ ಹೆಸರು ಇರುವುದಿಲ್ಲ. ಸೋಮನಾಥಪುರದ ಪೀಠಗಳ ಮೇಲೆ ಶಿಲ್ಪಿಗಳ ಹೆಸರಿವೆ. ಆರ್. ನರಸಿಂಹಾಚಾರ್ಯರು 1917ರಲ್ಲಿ ಈ ದೇವಾಲಯದ ಬಗ್ಗೆ ಪ್ರಕಟಿಸಿದ ಪುಸ್ತಕದ ಕಾಲದಿಂದ ಆ ಹೆಸರುಗಳು ನಮಗೆ ಗೊತ್ತು. ಗೋಡೆಯ 194 ದೊಡ್ಡ ಮೂರ್ತಿಗಳಲ್ಲಿ ಸುಮಾರು 40 ಮಲ್ಲಿತಮ್ಮನವು. ಇವನೇ 1246ರ ನುಗ್ಗೇಹಳ್ಳಿಯಲ್ಲೂ ಕೆಲಸ ಮಾಡಿದವನು. ಕೆಲವೆಡೆ ಪೂರ್ತಿ ಹೆಸರು, ಕೆಲವೆಡೆ ಬರೀ ‘ಮಲ್ಲಿ’. ಕೆಲಸದ ನಡುವೆ ಬೇಸರ ಬಂದಿತ್ತೋ ಏನೋ.

ಇನ್ನು ನಮ್ಮ ಸೀಮೆಯ ಗೊಂಬೆಗೆ ಬರೋಣ. ಮೈಸೂರು ಕಡೆ ಗೊಂಬೆಯನ್ನು ‘ಇಡುವುದಿಲ್ಲ’, ‘ಕೂರಿಸುತ್ತಾರೆ’. ನವರಾತ್ರಿಯ ಮೊದಲ ದಿನ ಮೂರೋ ಐದೋ ಏಳೋ ಒಂಬತ್ತೋ ಮೆಟ್ಟಿಲು ಕಟ್ಟಿ ಬಿಳಿ ಬಟ್ಟೆ ಹಾಸಿ, ಮೇಲೆ ಪಟ್ಟದ ಗೊಂಬೆಗಳನ್ನು ಕೂರಿಸುತ್ತಾರೆ. ಇವು ರಕ್ತಚಂದನದ ರಾಜ-ರಾಣಿ, ಮದುವೆಯಾದ ಮಗಳಿಗೆ ತವರಿನಿಂದ ಬರುವಂಥವು. ಕೆಳಗೆ ದಶಾವತಾರ, ಅದರ ಕೆಳಗೆ ಅಕ್ಕಿಬೇಳೆಯ ಅಂಗಡಿ ಹಾಕಿಕೊಂಡ ಶೆಟ್ಟಿ-ಶೆಟ್ಟಿಗಿತ್ತಿ, ಆಮೇಲೆ ಚನ್ನಪಟ್ಟಣದ ಆಲೆ ಮರದ ಅರಗು ಬಣ್ಣದ ಗೊಂಬೆಗಳು, ನೆಲದ ಮೇಲೆ ಪೈರು ಬರಿಸಿದ ಗದ್ದೆ, ಮೃಗಾಲಯ, ರೈಲು. ಪ್ರತಿ ವರ್ಷ ಒಂದಾದರೂ ಹೊಸತು ಸೇರಬೇಕು. ಸಂಜೆ ಅಕ್ಕಪಕ್ಕದ ಮಕ್ಕಳನ್ನು ಕರೆದು ತೋರಿಸಿ ಗೊಂಬೆ ಬಾಗಿನ ಕೊಡಬೇಕು. ವಿಜಯದಶಮಿ ಕಳೆದ ಮೇಲೆ ಪಟ್ಟದ ಗೊಂಬೆಗಳನ್ನು ಮಲಗಿಸಿ, ಒಂದೊಂದನ್ನೂ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಟ್ರಂಕಿಗೆ ಸೇರಿಸುತ್ತಾರೆ. ಮೈಸೂರು ಅರಮನೆಯ ಗೊಂಬೆ ತೊಟ್ಟಿಗೆ ಹೋದರೆ ಇದೇ ಅಭ್ಯಾಸದ ರಾಜಮನೆತನದ ರೂಪ ಕಾಣುತ್ತದೆ. ನಗರದ ರಾಮ್ಸನ್ಸ್ ಕಲಾ ಪ್ರತಿಷ್ಠಾನ ದಸರೆಗೆ ಮುಂಚೆ ನಡೆಸುವ ‘ಬೊಂಬೆ ಮನೆ’ಗೆ ಹೋದರೆ ಈ ವರ್ಷ ಯಾವ ಹೊಸ ಸೆಟ್ ಬಂದಿದೆ ಎಂದು ಕೇಳುವವರ ಗುಂಪು ಕಾಣುತ್ತದೆ. ಸೆಟ್ ಪೂರ್ತಿಯಾಗಿದೆಯೇ, ಕಲ್ಕಿಯ ಕುದುರೆ ಇದೆಯೇ, ಅಳತೆ ಮನೆಯಲ್ಲಿರುವುದಕ್ಕೆ ಹೊಂದುತ್ತದೆಯೇ ಎಂದು ಅವರು ವಿಚಾರಿಸುವುದನ್ನು ಕೇಳಿದರೆ ಸ್ಟಾರ್ ವಾರ್ಸ್ ಸಂಗ್ರಾಹಕರಿಗೂ ಅವರಿಗೂ ನನಗೆ ವ್ಯತ್ಯಾಸ ಸಿಗುವುದಿಲ್ಲ. ಒಂದೇ ವ್ಯತ್ಯಾಸವೆಂದರೆ ಈ ಹೆಂಗಸರನ್ನು ಯಾರೂ ಸಂಗ್ರಾಹಕರೆಂದು ಕರೆದಿಲ್ಲ. ‘ಅಮ್ಮನಿಗೆ ಗೊಂಬೆ ಹುಚ್ಚು’ ಎಂದಿದ್ದಾರೆ, ಅಷ್ಟೆ.

ಎಲ್ಲರ ಮನೆಯಲ್ಲೂ ಗೊಂಬೆ ಕೂರಿಸುತ್ತಿದ್ದರು ಎಂದು ಬರೆದರೆ ಸುಳ್ಳಾಗುತ್ತದೆ. ನಮ್ಮದು ಬನ್ನೂರು ಕಡೆಯ ಒಕ್ಕಲುಮನೆ, ನಮ್ಮಲ್ಲಿ ಈ ಪದ್ಧತಿ ಇರಲಿಲ್ಲ. ನನ್ನ ಅಜ್ಜಿ ಚಿಕ್ಕವಳಿದ್ದಾಗ ‘ಅಮ್ಮಾವ್ರ ಮನೆ’ಯ ಜಗಲಿಯಲ್ಲಿ ನಿಂತು ಕಿಟಕಿಯಿಂದ ಮೆಟ್ಟಿಲು ನೋಡುತ್ತಿದ್ದಳಂತೆ. ಬಾಗಿನ ಜಗಲಿಗೇ ಬರುತ್ತಿತ್ತು. ನಮ್ಮ ಮನೆಗೆ ಗೊಂಬೆ ಬಂದದ್ದು ಜಾತ್ರೆಯಿಂದ. ನಂಜನಗೂಡಿನ ದೊಡ್ಡ ಜಾತ್ರೆ, ಸುತ್ತೂರು ಜಾತ್ರೆ, ಮುಡುಕುತೊರೆ ಜಾತ್ರೆಗಳ ಪ್ಲಾಸ್ಟಿಕ್ ಅಂಗಡಿಗಳಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತಿದ್ದ ಸ್ಪೈಡರ್‌ಮ್ಯಾನ್, ಬೆನ್ನಿಗೆ ಸ್ವಿಚ್ ಇರುವ ರೋಬೋ. ಯಾರ ಹಕ್ಕೂ ಇಲ್ಲದ ನಕಲು ಮಾಲು. ಸ್ಪೈಡರ್‌ಮ್ಯಾನಿನ ತಲೆ, ಬ್ಯಾಟ್‌ಮ್ಯಾನಿನ ಮೈ, ಕೈಗೆ ಯಾರದೋ ಕತ್ತಿ. ಸಿನಿಮಾ ನೋಡುವ ಮೊದಲೇ ಸಿನಿಮಾದ ಪಾತ್ರ ಮನೆಗೆ ಬಂದಿರುತ್ತಿತ್ತು. ಕತೆ ನಾವೇ ಕಟ್ಟಿಕೊಳ್ಳಬೇಕಿತ್ತು. ಅದನ್ನು ಅಮ್ಮ ಹಾಲಿನ ಶೋಕೇಸಿನಲ್ಲಿ, ಸ್ಟೀಲ್ ಲೋಟದ ಬಹುಮಾನ ಮತ್ತು ತಾಜ್‌ಮಹಲ್ ನಡುವೆ ನಿಲ್ಲಿಸಿ ಬೀಗದ ಕೈ ತಾನೇ ಇಟ್ಟುಕೊಂಡಳು. ಆಡಲು ಕೊಡಲಿಲ್ಲ. ಅಮೆರಿಕದ ಸಂಗ್ರಾಹಕ ಪ್ಲಾಸ್ಟಿಕ್ ಗುಳ್ಳೆಯಿಂದ ಮಾಡಿದ್ದನ್ನು ನಮ್ಮ ಅಮ್ಮ ಗಾಜಿನ ಬಾಗಿಲಿನಿಂದ ಮಾಡಿದಳು. ಜಗಲಿಯಲ್ಲಿ ನಿಂತವರ ಮನೆಯಲ್ಲೂ ಈಗ ತೋರಿಸುವಂಥದ್ದೊಂದು ಇತ್ತು.

ನಮಗಿಂತ ಹಿಂದಿನವರಿಗೆ ಅಸಲಿ ಫಿಗರ್ ಸಿಕ್ಕಿದ್ದು ಎರಡು ದಾರಿಗಳಿಂದ. ಒಂದು, ವಿದೇಶದಿಂದ ಬಂದ ನೆಂಟರ ಸೂಟ್‌ಕೇಸ್. ಇನ್ನೊಂದು, 1987ರಲ್ಲಿ ಎಂಆರ್‌ಎಫ್ ಮತ್ತು ಹ್ಯಾಸ್‌ಬ್ರೊ ಸೇರಿ ಶುರುಮಾಡಿದ ಫನ್‌ಸ್ಕೂಲ್. ಅಮೆರಿಕದ ಅಚ್ಚುಗಳಲ್ಲೇ ಇಲ್ಲಿ ಜಿ.ಐ. ಜೋ ತಯಾರಾಯಿತು, ಬಣ್ಣ ಮಾತ್ರ ಇಲ್ಲಿಯದು. ಲಿಯೊ ಕಂಪನಿ ಹೀ-ಮ್ಯಾನ್ ಮಾಡಿತು. ಆ ಬಣ್ಣದ ವ್ಯತ್ಯಾಸಕ್ಕಾಗಿಯೇ ಇಂದು ಹೊರದೇಶದ ಸಂಗ್ರಾಹಕರು ಭಾರತದ ಹಳೆಯ ಜೋಗಳನ್ನು ಹುಡುಕುತ್ತಾರೆ. ಇಲ್ಲಿ ಅವುಗಳಲ್ಲಿ ಎಷ್ಟೋ ಹಳೇಪೇಪರಿನವನ ಗಾಡಿಗೆ ಹೋಗಿವೆ. ನಮ್ಮ ಭಾಷೆಯ ಸಿನಿಮಾಕ್ಕೆ ಈ ಭಾಗ್ಯ ದಕ್ಕಲಿಲ್ಲ. 2002ರ ‘ಹಾಲಿವುಡ್’ ಚಿತ್ರದಲ್ಲಿ ಉಪೇಂದ್ರ ಯಂತ್ರಮಾನವನ ಪಾತ್ರ ಮಾಡಿದ್ದರು. ಆ ರೋಬೋ ಯಾವ ಜಾತ್ರೆಯಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ. ಬಿದ್ದಿದ್ದರೆ ಊಟ ಬಿಟ್ಟಾದರೂ ಕೊಳ್ಳುತ್ತಿದ್ದೆ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡಿನ ಜೊತೆ ಸೋಮನಾಥಪುರವೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಗೋಡೆಯ ಮೂರ್ತಿಗಳಿಗೆ ಪುಸ್ತಕಗಳಿವೆ, ಫೋಟೋಗಳಿವೆ, ಕಾವಲಿದೆ. ಹಾಗಿದ್ದೂ ಮುರಿದ ಕೈಯಲ್ಲಿ ಏನಿತ್ತೆಂದು ಹೇಳುವವರಿಲ್ಲ. ಟ್ರಂಕಿನಲ್ಲಿರುವ ಗೊಂಬೆಗಳಿಗೆ ಈ ಯಾವ ದಾಖಲೆಯೂ ಇಲ್ಲ. ಯಾವುದು ಯಾರ ತವರಿನದು, ಯಾವ ವರ್ಷ ಸೇರಿದ್ದು, ಈ ತಂಬೂರಿ ಯಾವ ಗೊಂಬೆಯ ಕೈಯದು ಎಂಬುದೆಲ್ಲ ಒಬ್ಬರ ತಲೆಯಲ್ಲಿರುತ್ತದೆ. ಅವರು ತೀರಿಕೊಂಡ ಮೇಲೆ ಮನೆ ಪಾಲಾಗುತ್ತದೆ, ಪಟ್ಟದ ಗೊಂಬೆ ಒಬ್ಬಳಿಗೆ, ದಶಾವತಾರ ಇನ್ನೊಬ್ಬಳಿಗೆ, ಉಳಿದದ್ದು ಅಟ್ಟಕ್ಕೆ. ಬೆಂಗಳೂರಿನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಒಂಬತ್ತು ಮೆಟ್ಟಿಲು ಕಟ್ಟುವುದೆಲ್ಲಿ? ಮಕ್ಕಳನ್ನು ದೂರುವುದೂ ಕಷ್ಟ. ಗಾಜಿನ ಬೀರು ಮಾಡಿಸಿ ಒಳಗೆ ದೀಪ ಹಾಕಿ ಮಾರ್ವೆಲ್ ಫಿಗರ್‌ಗಳನ್ನು ಸಾಲಾಗಿ ನಿಲ್ಲಿಸಿದ ಅದೇ ಮನೆಯ ಮಗನಿಗೆ ಅಟ್ಟದ ಮೇಲಿನ ಟ್ರಂಕೂ ತನ್ನ ಹವ್ಯಾಸದ್ದೇ ಎಂದು ಹೊಳೆದಿರುವುದಿಲ್ಲ. ಅದು ‘ಗೊಂಬೆ’, ಇದು ‘ಫಿಗರ್’. 1964ರ ಆ ನಾಚಿಕೆ ಇಲ್ಲಿಗೂ ಬಂದು ಒಂದೇ ಮನೆಯ ಎರಡು ಸಂಗ್ರಹಗಳನ್ನು ಬೇರೆಬೇರೆ ಮಾಡಿ ಕೂತಿದೆ. ನನಗೆ ಸಿಟ್ಟು ಬರುವುದು ಇದಕ್ಕೆ.

ಕಳೆದ ವರ್ಷದಿಂದ, ಪ್ರಬಂಧದ ಕೆಲಸಕ್ಕೆ ಸೋಮನಾಥಪುರಕ್ಕೆ ಹೋದಾಗಲೆಲ್ಲ ಸುತ್ತಲ ಊರುಗಳಲ್ಲಿ ಗೊಂಬೆ ಕೂರಿಸುವ ಮನೆಗಳಿದ್ದರೆ ಕೇಳಿಕೊಂಡು ಹೋಗಿ ಪಟ್ಟಿ ಮಾಡುತ್ತಿದ್ದೇನೆ. ನರಸಿಂಹಾಚಾರ್ಯರು ಮಾಡಿದಂತೆಯೇ: ಕ್ರಮಸಂಖ್ಯೆ, ಎತ್ತರ, ಕೈಯಲ್ಲಿರುವುದು, ಭಿನ್ನವಾಗಿದ್ದರೆ ಎಲ್ಲಿ, ತಂದವರು ಯಾರು. ಒಂದು ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಒಂದೊಂದನ್ನೇ ಸೀರೆಯ ತುಂಡಿನಿಂದ ಬಿಡಿಸುತ್ತ ಹೇಳಿದರು, ನಾನು ಬರೆದುಕೊಂಡೆ. 43ನೆಯದು ಮೊಮ್ಮಗ ಬಿಟ್ಟುಹೋದ ಪ್ಲಾಸ್ಟಿಕ್ ರೋಬೋ. ಬಣ್ಣ ಮಾಸಿತ್ತು, ಬಲಗೈ ಇರಲಿಲ್ಲ. ಪ್ರತಿ ವರ್ಷ ಅದನ್ನು ಶೆಟ್ಟಿ ಅಂಗಡಿಯ ಪಕ್ಕ ನಿಲ್ಲಿಸುತ್ತಾರಂತೆ.

‘ಇದಕ್ಕೆ ಏನು ಹೆಸರು ಬರ್ಕೊಳ್ಲಿ, ಅಜ್ಜಿ?’ ಎಂದೆ.

‘ಅವನು ಏನೋ ಇಂಗ್ಲಿಷ್ ಹೆಸರು ಹೇಳ್ತಿದ್ದ ಕಂದ, ಮರ್ತೋಯ್ತು. ಕೈ ಇದ್ದಾಗ ಅದರಲ್ಲಿ ಬಂದೂಕ ಇತ್ತು. ಕಾವಲುಗಾರ ಅಂತ ಬರ್ಕೊ. ಬಲಗೈ ಎರಡು ವರ್ಷದ ಕೆಳಗೆ ಮುರೀತು ಅಂತಾನೂ ಬರಿ.’

ಎರಡನ್ನೂ ಬರೆದುಕೊಂಡೆ. ಅವರು 44ನೆಯದನ್ನು ಬಿಚ್ಚತೊಡಗಿದರು.