ಬಲವಂತದ ಮೇವು (ಫ್ವಾ ಗ್ರಾ)

ಬಾತು, ಹೆಬ್ಬಾತುಗಳ ಗಂಟಲಿಗೆ ಕೊಳವೆ ಇಳಿಸಿ, ಅವು ತಾವಾಗಿ ತಿನ್ನುವುದಕ್ಕಿಂತ ಬಹಳ ಹೆಚ್ಚು ಮೆಕ್ಕೆಜೋಳ ತುಂಬಿ ಯಕೃತ್ತನ್ನು ಕೊಬ್ಬಿಸುವ ಪದ್ಧತಿ. ಹಾಗೆ ಕೊಬ್ಬಿದ ಯಕೃತ್ತೇ ಫ್ರೆಂಚರ ದುಬಾರಿ ತಿನಿಸಾದ ಫ್ವಾ ಗ್ರಾ. ಉಣಿಸುವ ಕ್ರಮಕ್ಕೆ ಗವಾಜ್ ಎಂದು ಹೆಸರು.

ಈ ಕಸುಬು ಕರ್ನಾಟಕದಲ್ಲಿ ಬೇರೂರಿಲ್ಲ. ಬೆಂಗಳೂರು ಹತ್ತಿರದ ಹೆಸರಘಟ್ಟದ ಕೇಂದ್ರ ಸರ್ಕಾರಿ ಕೇಂದ್ರದಲ್ಲಿ ಬೆಳೆಸಿದ ಖಾಕಿ ಕ್ಯಾಂಪ್‌ಬೆಲ್ ಬಾತು ಮೊಟ್ಟೆಯ ತಳಿ. ಒತ್ತಾಯದಿಂದ ಕುಡಿಸುವುದಕ್ಕೆ ನಮ್ಮ ರೈತ ಬಲ್ಲ ಹತ್ತಿರದ ಉದಾಹರಣೆಯೆಂದರೆ ದನಕ್ಕೆ ಹಾಕುವ ಗೊಟ್ಟ. ಓರೆಯಾಗಿ ಕತ್ತರಿಸಿದ ಬಿದಿರಿನ ಕೊಳವೆಗೆ ಎಣ್ಣೆಯನ್ನೋ ಕಷಾಯವನ್ನೋ ತುಂಬುತ್ತಾರೆ. ಒಬ್ಬ ಮೂಗುದಾರ ಹಿಡಿದು ಮುಸುಡಿ ಎತ್ತಿದರೆ ಇನ್ನೊಬ್ಬ ಬಾಯಿಯ ಮಗ್ಗುಲಿಂದ ಸುರಿಯುತ್ತಾನೆ. ಕತ್ತು ಅತಿಯಾಗಿ ಎತ್ತಿದರೆ, ನಾಲಗೆ ಎಳೆದು ಹಿಡಿದರೆ ಔಷಧ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆದೀತೆಂದು ಪಶುವೈದ್ಯರು ಎಚ್ಚರಿಸುತ್ತಾರೆ. ಆದರೂ ಗೊಟ್ಟ ಹಾಕುವುದು ಹೊಟ್ಟೆಯುಬ್ಬರದಂಥ ಕಾಯಿಲೆ ಕಳೆಯಲು. ಗವಾಜಿನಲ್ಲಿ ಕಾಯಿಲೆ ಬರಿಸುವುದೇ ಉದ್ದೇಶ; ಮಾರಾಟವಾಗುವುದು ಆ ಕಾಯಿಲೆಬಿದ್ದ ಅಂಗವೇ.

ಪದ್ಧತಿ ಹಳೆಯದು. ಈಜಿಪ್ಟಿನ ಸಕ್ಕಾರದ ಗೋರಿಗಳ ಗೋಡೆಗಳಲ್ಲಿ, ಹೆಬ್ಬಾತಿನ ಕತ್ತು ಹಿಡಿದು ಉಂಡೆ ತುರುಕುವವರ, ನಾಲ್ಕು ಸಾವಿರ ವರ್ಷಕ್ಕೂ ಹಳೆಯ ಉಬ್ಬುಚಿತ್ರಗಳಿವೆ. ರೋಮನ್ನರು ಅಂಜೂರ ತಿನ್ನಿಸುತ್ತಿದ್ದರು.

ಈಗ ಫ್ರಾನ್ಸಿನಲ್ಲಿ ಹೆಚ್ಚಾಗಿ ಬಳಸುವುದು ಮಸ್ಕವಿ ಗಂಡು ಮತ್ತು ಪೀಕಿಂಗ್ ಹೆಣ್ಣಿನ ಮಿಶ್ರತಳಿಯ ಗಂಡು ಬಾತು. ಹೆಣ್ಣು ಮರಿಗಳ ಯಕೃತ್ತು ಚಿಕ್ಕದು. ಅವನ್ನು ಹುಟ್ಟಿದ ದಿನವೇ ಕೊಲ್ಲುವ ರೂಢಿ ವ್ಯಾಪಕ. ಸುಮಾರು ಹನ್ನೆರಡು ವಾರ ಬೆಳೆಸಿದ ಬಾತಿಗೆ ಎರಡು ವಾರದಷ್ಟು ಕಾಲ ದಿನಕ್ಕೆರಡು ಸಲ ಗವಾಜ್ ನಡೆಯುತ್ತದೆ. ಕೆಲಸಗಾರ ಕೊಕ್ಕು ತೆರೆದು ಕೊಳವೆಯನ್ನು ಅನ್ನನಾಳಕ್ಕಿಳಿಸಿದೊಡನೆ ಪಂಪು ಕೆಲವೇ ಸೆಕೆಂಡುಗಳಲ್ಲಿ ಮೆಕ್ಕೆಜೋಳದ ಗಂಜಿ ತಳ್ಳಿಬಿಡುತ್ತದೆ. ಯಕೃತ್ತು ಸಹಜ ತೂಕದ ಆರರಿಂದ ಹತ್ತು ಪಟ್ಟು ಹಿಗ್ಗುತ್ತದೆ. ಯುರೋಪಿನ ನಿಯಮದಂತೆ ಬಾತಿನ ಯಕೃತ್ತು ಕನಿಷ್ಠ 300 ಗ್ರಾಂ ತೂಗಿದರೆ ಮಾತ್ರ ಅದು ಫ್ವಾ ಗ್ರಾ, ಹೆಬ್ಬಾತಿನದಾದರೆ 400.

ವಲಸೆ ಹಕ್ಕಿ ಪಯಣಕ್ಕೆ ಮುನ್ನ ತಾನೇ ಕೊಬ್ಬು ಕೂಡಿಸಿಕೊಳ್ಳುವುದಿಲ್ಲವೆ ಎಂಬುದು ಉತ್ಪಾದಕರ ವಾದ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತಿನ ಮಟ್ಟಿಗೆ ಮಾತು ನಿಜ: ಅದು ಸುತ್ತಲಿನ ಹೊಲಗಳಲ್ಲಿ ಮೇಯ್ದು, ಹಿಮಾಲಯ ದಾಟಿ ಹಿಂದಿರುಗುವ ಹಕ್ಕಿ. ಮಸ್ಕವಿ ಬಾತಾದರೋ ಅಮೆರಿಕದ ಉಷ್ಣವಲಯದ್ದು, ದೂರ ವಲಸೆ ಹೋಗುವ ಜಾತಿಯಲ್ಲ. ವಾದ ಇಲ್ಲಿಗೇ ಸೋಲುತ್ತದೆ. ಯುರೋಪಿಯನ್ ಒಕ್ಕೂಟದ ವೈಜ್ಞಾನಿಕ ಸಮಿತಿ ಕೂಡ 1998ರಲ್ಲಿ, ಆಗ ನಡೆಯುತ್ತಿದ್ದ ರೀತಿಯ ಗವಾಜ್ ಹಕ್ಕಿಗಳ ಕ್ಷೇಮಕ್ಕೆ ಹಾನಿಕರವೆಂದಿತು.

2003ರಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟು ಗವಾಜಿನ ವಿರುದ್ಧ ತೀರ್ಪು ಕೊಟ್ಟಿತು. 2006ರಲ್ಲಿ ಫ್ರಾನ್ಸ್ ಫ್ವಾ ಗ್ರಾವನ್ನು ತನ್ನ ಸಂಸ್ಕೃತಿಯ ಆಸ್ತಿಯೆಂದು ಕಾನೂನಿನಲ್ಲೇ ಬರೆದುಕೊಂಡಿತು. ಭಾರತ 2014ರ ಜುಲೈಯಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಅಧಿಸೂಚನೆಯಿಂದ ಫ್ವಾ ಗ್ರಾ ಆಮದನ್ನೇ ನಿಷೇಧಿಸಿತು. ಆ ಆದೇಶ ತಡೆಯುವುದು ಆಮದನ್ನಷ್ಟೇ. ದೇಶದೊಳಗೆ ಯಾರಾದರೂ ಬಾತಿನ ಗಂಟಲಿಗೆ ಕೊಳವೆ ಇಳಿಸಿದರೆ ಮೊರೆಹೋಗಬೇಕಾದುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ. ಅದರ 11ನೇ ಕಲಮು ಮೊದಲ ತಪ್ಪಿಗೆ ಗೊತ್ತುಮಾಡಿದ ದಂಡ ಹೆಚ್ಚೆಂದರೆ 50 ರೂಪಾಯಿ.