ಫ್ಲಾರೆನ್ಸ್ ನಗರದ ಒಂದು ಗಾನಗೋಷ್ಠಿ

ಹುಳುವು ಮರವನ್ನು ಕೊರೆಯುತ್ತ ಹೋದಂತೆ ಒಮ್ಮೊಮ್ಮೆ ಅಲ್ಲಿ ಅಕ್ಷರದ ಆಕಾರವೊಂದು ಮೂಡುವುದುಂಟು. ಹುಳುವಿಗೆ ಅಕ್ಷರಜ್ಞಾನವಿಲ್ಲ, ಬರೆಯಬೇಕೆಂಬ ಸಂಕಲ್ಪವೂ ಇಲ್ಲ. ಇದನ್ನು ನಮ್ಮ ಹಿರಿಯರು ಘುಣಾಕ್ಷರನ್ಯಾಯವೆಂದರು. ಕಲೆಗಳ ಚರಿತ್ರೆಯಲ್ಲಿ ಈ ನ್ಯಾಯಕ್ಕೆ ಉದಾಹರಣೆಗಳು ಹೇರಳವಾಗಿವೆ. ಅವುಗಳಲ್ಲಿ ಬಹು ರಸವತ್ತಾದುದೆಂದು ನನಗೆ ತೋರುವುದು ಪಾಶ್ಚಾತ್ಯರ ಗೀತನಾಟಕವು ಹುಟ್ಟಿದ ಬಗೆ. ‘ಆಪೆರಾ’ ಎಂದು ಪ್ರಸಿದ್ಧವಾದ ಈ ನಾಟಕದಲ್ಲಿ ಪಾತ್ರಗಳು ಹಾಡಿಯೇ ಸಂಭಾಷಿಸುತ್ತವೆ. ಇಂಥದೊಂದನ್ನು ಹೊಸದಾಗಿ ನಿರ್ಮಿಸಬೇಕೆಂದು ಯಾರೂ ಹೊರಟಿರಲಿಲ್ಲ. ಕೆಲವರು ಸೇರಿ, ಎರಡು ಸಾವಿರ ವರ್ಷಗಳ ಹಿಂದೆ ಇದ್ದ ಬೇರೊಂದನ್ನು ಬದುಕಿಸಲು ಹೋದರು.

ಇಟಲಿ ದೇಶದ ಫ್ಲಾರೆನ್ಸ್ ನಗರದಲ್ಲಿ ಜೊವಾನ್ನಿ ಬಾರ್ದಿ ಎಂಬ ಶ್ರೀಮಂತನಿದ್ದನು. ವೆರ್ನಿಯೋ ಎಂಬ ಸೀಮೆಯ ಕೌಂಟನು. ೧೫೭೩ರ ಸುಮಾರಿನಿಂದ ಅವನ ಮನೆಯಲ್ಲಿ ಕವಿಗಳು, ಗಾಯಕರು, ಶಾಸ್ತ್ರಜ್ಞರು ಸೇರತೊಡಗಿದರು. ಹಾಡುವುದು, ವಾದಿಸುವುದು, ಕಾವ್ಯದ ವಿಚಾರ, ನಕ್ಷತ್ರಗಳ ವಿಚಾರ, ಹೀಗೆ ಹೊತ್ತು ಹೋಗುತ್ತಿತ್ತು. ಅದಕ್ಕೆ ನಿಬಂಧನೆಗಳಿದ್ದ ಸಂಘದ ರೂಪವಿರಲಿಲ್ಲ. ‘ಕಾಮೆರಾತಾ’ ಎಂಬ ಹೆಸರು ಸಹ ಅಚ್ಚಿನಲ್ಲಿ ಕಾಣಿಸಿಕೊಂಡುದು ೧೬೦೦ರಲ್ಲಿ. ಆ ವೇಳೆಗೆ ಬಾರ್ದಿಯು ರೋಮಿಗೆ ಹೋಗಿ ಎಂಟು ವರ್ಷಗಳಾಗಿದ್ದವು. ಗೋಷ್ಠಿಯಲ್ಲಿ ಬೆಳೆದ ಗಾಯಕ ಜೂಲಿಯೊ ಕಾಚ್ಚೀನಿಯು, ತಾನು ಮೂವತ್ತು ವರ್ಷ ಸಂಗೀತಶಾಸ್ತ್ರವನ್ನು ಅಭ್ಯಾಸಮಾಡಿ ಕಲಿತುದಕ್ಕಿಂತ ಅಲ್ಲಿಯ ಮಾತುಕತೆಯಿಂದ ಕಲಿತುದೇ ಹೆಚ್ಚೆಂದು ಮುಂದೆ ಬರೆದುಕೊಂಡಿದ್ದಾನೆ. ಗಾಯಕರ ಮುನ್ನುಡಿಗಳಲ್ಲಿ ಉತ್ಪ್ರೇಕ್ಷೆ ಸಹಜ. ಆದರೂ ಇದು ಪೂರಾ ಸುಳ್ಳಾಗಿರಲಾರದು.

ಅವರನ್ನು ಕಾಡಿದ ಪ್ರಶ್ನೆ ಇದು: ಪುರಾತನ ಗ್ರೀಕರ ಸಂಗೀತವು ಕೇಳಿದವರನ್ನು ಅಳಿಸುತ್ತಿತ್ತು, ರೇಗಿಸುತ್ತಿತ್ತು, ಶಮನಗೊಳಿಸುತ್ತಿತ್ತು ಎಂದು ಗ್ರಂಥಗಳು ಹೇಳುತ್ತವಲ್ಲ, ನಮ್ಮ ಸಂಗೀತಕ್ಕೆ ಆ ಶಕ್ತಿ ಏಕಿಲ್ಲ? ಅಂದಿನ ಇಟಲಿಯಲ್ಲಿ ನಾಲ್ಕೈದು ಧ್ವನಿಗಳು ಬೇರೆ ಬೇರೆ ಸ್ವರಗಳಲ್ಲಿ ಹೆಣೆದುಕೊಂಡು ಹೋಗುವ ಗಾಯನಪದ್ಧತಿಯು ಪರಾಕಾಷ್ಠೆಗೆ ಮುಟ್ಟಿತ್ತು. ಒಬ್ಬನು ಒಂದು ಮಾತನ್ನು ಮುಗಿಸುವಷ್ಟರಲ್ಲಿ ಇನ್ನೊಬ್ಬನು ಅದನ್ನು ಆರಂಭಿಸುತ್ತಿರುತ್ತಾನೆ. ಒಂದೇ ಕಂಠದ ರಾಗಕ್ಕೆ ಒಗ್ಗಿದ ನಮ್ಮ ಕಿವಿಗೆ ಅದರ ಸೊಬಗು ತಟ್ಟನೆ ಹತ್ತುವುದಿಲ್ಲ. ಸೊಬಗೇನೋ ಉಂಟು, ಆದರೆ ಮಾತು ಮುಳುಗಿಹೋಗುತ್ತದೆ.

ಉತ್ತರವು ರೋಮಿನಿಂದ ಬಂದಿತು. ಅಲ್ಲಿ ನೆಲಸಿದ್ದ ಜಿರೋಲಾಮೊ ಮೇಯಿ ಎಂಬ ಪಂಡಿತನು ಗ್ರೀಕ್ ಸಂಗೀತಗ್ರಂಥಗಳನ್ನು ಮೂಲದಲ್ಲೇ ಓದಿದವನು. ೧೫೭೨ರಿಂದ ಅವನಿಗೂ ಗೋಷ್ಠಿಯ ವಿಂಚೆಂಜೊ ಗಲಿಲೈಗೂ ಪತ್ರವ್ಯವಹಾರ ನಡೆಯಿತು. ಗ್ರೀಕರು ಎಷ್ಟು ಜನ ಕೂಡಿ ಹಾಡಿದರೂ ಹಾಡುತ್ತಿದ್ದುದು ಒಂದೇ ರಾಗವನ್ನು. ಆದುದರಿಂದಲೇ ಅವರ ಹಾಡಿಗೆ ಹೃದಯವನ್ನು ಹೊಗುವ ಬಲವಿತ್ತು ಎಂಬುದು ಮೇಯಿಯ ಮೊದಲ ಸಿದ್ಧಾಂತ. ಇದು ಬಹುಮಟ್ಟಿಗೆ ಸರಿ. ಗ್ರೀಕರ ರುದ್ರನಾಟಕಗಳನ್ನು ಮೊದಲಿನಿಂದ ಕೊನೆಯವರೆಗೂ ಹಾಡುತ್ತಿದ್ದರು ಎಂಬುದು ಎರಡನೆಯದು. ಇದು ತಪ್ಪು. ಮೇಳದವರು ಹಾಡುತ್ತಿದ್ದರು, ಪಾತ್ರಗಳ ಪ್ರಲಾಪಗಳಲ್ಲಿಯೂ ಗಾನವಿರುತ್ತಿತ್ತು; ಆದರೆ ಸಂಭಾಷಣೆಯ ಬಹುಭಾಗವು ಛಂದೋಬದ್ಧವಾದ ಮಾತೇ ಎಂಬುದು ಈಗಿನ ವಿದ್ವಾಂಸರ ನಿರ್ಣಯ. ಹಾಡೂ ಮಾತೂ ಬೆರೆತ ಆಟವು ನಮ್ಮ ಬಯಲಾಟವನ್ನು ನೋಡಿದವರಿಗೆ ಸೋಜಿಗವಲ್ಲ. ಫ್ಲಾರೆನ್ಸಿನವರಿಗೆ ಅಂಥ ಊಹೆ ಹೊಳೆಯಲಿಲ್ಲ.

ಈ ವಿಂಚೆಂಜೊ ಗಲಿಲೈ ಯಾರೆಂದು ಕೇಳುವವರು ಊಹಿಸಿಯೇ ಇರಬಹುದು: ಜ್ಯೋತಿಶ್ಶಾಸ್ತ್ರಜ್ಞನಾದ ಗೆಲಿಲಿಯೋವಿನ ತಂದೆ. ಲ್ಯೂಟ್ ಎಂಬ ತಂತೀವಾದ್ಯದಲ್ಲಿ ನಿಪುಣ, ಜಗಳಗಂಟ. ೧೫೮೧ರಲ್ಲಿ ಅಚ್ಚಾದ ತನ್ನ ಸಂವಾದಗ್ರಂಥದಲ್ಲಿ ತನಗೆ ಪಾಠ ಹೇಳಿದ ಜಾರ್ಲಿನೊ ಎಂಬ ಮಹಾಶಾಸ್ತ್ರಜ್ಞನನ್ನೇ ಖಂಡಿಸಿದನು. ಅದೇ ಗ್ರಂಥದಲ್ಲಿ ಮೆಸೊಮೆದೀಸ್ ಎಂಬ ಪ್ರಾಚೀನನ ಸ್ತೋತ್ರಗಳನ್ನು ಗ್ರೀಕ್ ಸ್ವರಲಿಪಿಯ ಸಮೇತ ಮುದ್ರಿಸಿದನು. ಆದರೆ ಹಾಡಲು ಬರುವಂತೆ ಅವನ್ನು ತಿರುಗಿಸಿಕೊಡಲಾರದೆ ಹೋದನು. ಗ್ರೀಕರ ಸಂಗೀತಕ್ಕಾಗಿ ಪ್ರಾಣ ಬಿಡುತ್ತಿದ್ದವರ ಕೈಯಲ್ಲಿಯೇ ಅದರ ಚೂರು ಇತ್ತು, ಓದಲು ಬರಲಿಲ್ಲ. ಓದಲು ಬಂದಿದ್ದರೆ ಬಹುಶಃ ಅನುಕರಣಮಾಡಿ ತೃಪ್ತರಾಗುತ್ತಿದ್ದರೆಂದು ನನ್ನ ಎಣಿಕೆ. ಮಾದರಿ ಇಲ್ಲದುದರಿಂದ ತಾವೇ ಕಲ್ಪಿಸಿಕೊಳ್ಳಬೇಕಾಯಿತು.

ತಂತಿಗೆ ಎರಡರಷ್ಟು ಭಾರ ತೂಗಹಾಕಿದರೆ ಅದು ಮೇಲಿನ ಸ್ಥಾಯಿಯ ಷಡ್ಜವನ್ನು ನುಡಿಯುತ್ತದೆಂದು ಪೈಥಾಗರಸನ ಹೆಸರಿನಲ್ಲಿ ಒಂದು ಕಥೆ ಶತಮಾನಗಳಿಂದ ನಡೆದುಬಂದಿತ್ತು. ಗಲಿಲೈ ತೂಗಹಾಕಿಯೇ ನೋಡಿದನು. ಎರಡರಷ್ಟಲ್ಲ, ನಾಲ್ಕರಷ್ಟು ಬೇಕಾಯಿತು. ಮಗನು ಮುಂದೆ ಏನಾದನೆಂಬುದನ್ನು ಬಲ್ಲ ನಮಗೆ ಈ ಸಣ್ಣ ಪರೀಕ್ಷೆಯು ದೊಡ್ಡದಾಗಿ ಕಾಣುತ್ತದೆ.

ಗಲಿಲೈ ೧೫೯೧ರಲ್ಲಿ ತೀರಿಕೊಂಡನು. ಮಾರನೆಯ ವರ್ಷ ಬಾರ್ದಿಯು ಊರು ಬಿಟ್ಟನು. ಅವರ ವಿಚಾರವು ಇನ್ನೊಂದು ಮನೆಗೆ ಸಾಗಿತು. ಯಾಕೊಪೊ ಕೋರ್ಸಿ ಎಂಬ ಧನಿಕನ ಆಶ್ರಯದಲ್ಲಿ ರಿನುಚ್ಚೀನಿ ಎಂಬ ಕವಿಯೂ ಯಾಕೊಪೊ ಪೇರಿ ಎಂಬ ಗಾಯಕನೂ ಕೂಡಿ ‘ದಾಫ್ನೆ’ ಎಂಬ ನಾಟಕವನ್ನು ರಚಿಸಿದರು. ೧೫೯೮ರ ವೇಳೆಗೆ ಅದನ್ನು ಆಡಿದರು. ಮಾತೂ ಅಲ್ಲದ ಹಾಡೂ ಅಲ್ಲದ ಒಂದು ನಡುವಣ ಮಾರ್ಗವನ್ನು ಪೇರಿಯು ಇಲ್ಲಿ ಹಿಡಿದನು. ಕೆಳಗೆ ಮಂದ್ರಸ್ವರವು ನಿಂತಿರುತ್ತದೆ. ಅದರ ಮೇಲೆ ಕಂಠವು ಮಾತಿನ ವೇಗದಲ್ಲಿ, ಮಾತಿನ ಏರಿಳಿತದಲ್ಲಿ ಸಂಚರಿಸಿ, ಮುಖ್ಯವಾದ ಪದ ಬಂದಾಗ ಮಾತ್ರ ಸ್ವರಕ್ಕೆ ಸೇರಿಕೊಳ್ಳುತ್ತದೆ. ಗ್ರೀಕರಲ್ಲಿ ಇಂಥದು ಇತ್ತೆಂದು ಹೇಳಲು ಆಧಾರವಿಲ್ಲ. ಮರದಲ್ಲಿ ಮೂಡಿದ ಗೆರೆಯನ್ನು ಅಕ್ಷರವೆಂದು ಗುರುತಿಸಿದ ಕಣ್ಣು ಪೇರಿಯದು. ಈ ಕಾರಣದಿಂದ ಘುಣಾಕ್ಷರನ್ಯಾಯವು ಇಲ್ಲಿಗೆ ಪೂರ್ಣವಾಗಿ ಹೊಂದುವುದಿಲ್ಲ. ಆ ‘ದಾಫ್ನೆ’ಯ ಸಂಗೀತವು ಬಹುಪಾಲು ನಷ್ಟವಾಗಿದೆ. ಉಳಿದ ಆರು ತುಣುಕುಗಳಲ್ಲಿ ಎರಡು, ಮನೆಯ ಯಜಮಾನನಾದ ಕೋರ್ಸಿಯೇ ರಚಿಸಿದವು.

೧೬೦೦ನೆಯ ಅಕ್ಟೋಬರ್ ೬ರಂದು ಪಿತ್ತಿ ಅರಮನೆಯಲ್ಲಿ ಅವರ ಎರಡನೆಯ ನಾಟಕ ‘ಯೂರಿಡಿಸಿ’ ನಡೆಯಿತು. ಮೆದಿಚಿ ಮನೆತನದ ಮರಿಯಾಳಿಗೂ ಫ್ರಾನ್ಸಿನ ದೊರೆ ನಾಲ್ಕನೆಯ ಹೆನ್ರಿಗೂ ವಿವಾಹದ ಸಂಭ್ರಮ. ಪೇರಿಯೇ ಆರ್ಫಿಯಸ್ಸಿನ ಪಾತ್ರ ವಹಿಸಿದನು. ಕೋರ್ಸಿಯು ತೆರೆಯ ಮರೆಯಲ್ಲಿ ಹಾರ್ಪ್ಸಿಕಾರ್ಡ್ ನುಡಿಸಿದನು. ಕಥೆಯಲ್ಲಿ ಆರ್ಫಿಯಸ್ಸನು ಹಿಂತಿರುಗಿ ನೋಡಿ ಹೆಂಡತಿಯನ್ನು ಮತ್ತೆ ಕಳೆದುಕೊಳ್ಳಬೇಕು. ಮದುವೆಯ ಮನೆಯಲ್ಲಿ ಅದು ಆದೀತೇ? ಇಬ್ಬರೂ ಸುಖವಾಗಿ ಹಿಂದಿರುಗಿದರು. ರುದ್ರನಾಟಕವನ್ನು ಬದುಕಿಸುವ ವ್ರತವು ಹೀಗೆ ಮಂಗಳದಲ್ಲಿ ಮುಗಿಯಿತು. ಕಾಚ್ಚೀನಿಯು ತನ್ನ ಶಿಷ್ಯರ ಭಾಗಗಳನ್ನು ತನ್ನ ಸ್ವರರಚನೆಯಲ್ಲಿಯೇ ಹಾಡಿಸಿದ್ದಲ್ಲದೆ, ಅದೇ ಕಾವ್ಯಕ್ಕೆ ತಾನೂ ಪೂರ್ತಿಯಾಗಿ ರಾಗ ಕಟ್ಟಿ ಪೇರಿಗಿಂತ ಮುಂಚೆ ಅಚ್ಚು ಹಾಕಿಸಿದನು. ಗೋಷ್ಠಿಗಳಲ್ಲಿ ಸ್ನೇಹದಷ್ಟೇ ಮತ್ಸರವೂ ಕೆಲಸ ಮಾಡುತ್ತದೆ. ಆ ಉತ್ಸವದಲ್ಲಿ ಹೆಚ್ಚು ಹಣ ಹರಿದುದು ಇವೆರಡಕ್ಕೂ ಅಲ್ಲ; ಮೂರು ದಿನಗಳ ತರುವಾಯ ಮಹಾವೈಭವದಿಂದ ನಡೆದ ಬೇರೊಂದು ಆಟಕ್ಕೆ.

ಏಳು ವರ್ಷಗಳಲ್ಲಿ, ೧೬೦೭ರಲ್ಲಿ, ಮಾಂಟುವಾ ನಗರದಲ್ಲಿ ಮಾಂಟೆವೆರ್ದಿಯು ಅದೇ ಆರ್ಫಿಯಸ್ಸಿನ ಕಥೆಗೆ ರಾಗ ಕಟ್ಟಿದನು. ಪೇರಿಯ ಕೈಯಲ್ಲಿ ಪ್ರಯೋಗವಾಗಿದ್ದುದು ಇಲ್ಲಿ ಕಲೆಯಾಯಿತು.

೧೬೩೪ರಲ್ಲಿ ದೋನಿ ಎಂಬ ವಿದ್ವಾಂಸನು, ಇದೆಲ್ಲ ಹೇಗೆ ಮೊದಲಾಯಿತೆಂದು ಬಾರ್ದಿಯ ಮಗನಾದ ಪಿಯೆತ್ರೊವನ್ನು ವಿಚಾರಿಸಿದನು. ಮಗನು ತಂದೆಯ ಮನೆಯ ಆ ಕೂಟಗಳನ್ನು ಸ್ಮರಿಸಿಕೊಂಡು ದೀರ್ಘವಾಗಿ ಉತ್ತರ ಬರೆದನು. ನಮಗೆ ದೊರೆತಿರುವ ವೃತ್ತಾಂತದಲ್ಲಿ ಬಹುಭಾಗವು ಆ ಕಾಗದದ್ದು. ಅಲ್ಲಿಂದ ಮೂರು ವರ್ಷಕ್ಕೆ ವೆನಿಸ್ ನಗರದ ಸಾನ್ ಕಾಸಿಯಾನೊ ರಂಗಮಂದಿರವು ಗೀತನಾಟಕಕ್ಕಾಗಿ ಬಾಗಿಲು ತೆರೆಯಿತು. ಅಲ್ಲಿಗೆ ಹೋಗಲು ಅರಮನೆಯ ಆಹ್ವಾನ ಬೇಕಾಗಿರಲಿಲ್ಲ. ಹಣ ಕೊಟ್ಟರೆ ಸಾಕಾಗಿತ್ತು.